ನವಜಾತ ಶಿಶುವಿನ ವೈರಸ್ ನಿರೋಧಶಕ್ತಿ: ಅಧ್ಯಯನದ ಇತಿಹಾಸ

ಹುಟ್ಟಿದಂದಿನಿಂದ 28 ದಿನಗಳವರೆಗಿನ ಮಗುವನ್ನು ನವಜಾತ ಶಿಶು ಎನ್ನುತ್ತಾರೆ. ಈ ಅವಧಿಯಲ್ಲಿ ವೈರಸ್‌ಗಳಿಂದ ಮಗುವನ್ನು ಕಾಯುವ ವ್ಯವಸ್ಥೆಯಲ್ಲಿ ತಾಯಿಯಿಂದ ಬಂದ ರಕ್ಷಣೆ ಮತ್ತು ಮಗುವಿನ ಸ್ವಂತ ರಕ್ಷಣೆ ಎಂಬ ಎರಡು ಭಾಗಗಳಿವೆ. ಮೊದಲನೆಯದು 19ನೆಯ ಶತಮಾನದ ಕೊನೆಗೇ ತಿಳಿದಿತ್ತು; ಎರಡನೆಯದರ ಸಾಮರ್ಥ್ಯವನ್ನು ವಿಜ್ಞಾನ ಮನಗಾಣಲು ಇನ್ನೊಂದು ಶತಮಾನವೇ ಹಿಡಿಯಿತು. ಆ ಹಾದಿಯಲ್ಲಿ ಬೆಂಗಳೂರಿನ ಶಿಶುಗಳಲ್ಲಿ ದೊರೆತ ಐ321 ಎಂಬ ರೋಟಾವೈರಸ್ ತಳಿಗೆ ವಿಶಿಷ್ಟ ಸ್ಥಾನವಿದೆ.

ಜರ್ಮನಿಯ ಪಾಲ್ ಎರ್ಲಿಕ್ 1892ರಲ್ಲಿ ಗುಲಗಂಜಿ ಮತ್ತು ಔಡಲ ಬೀಜಗಳ ವಿಷಕ್ಕೆ ಹೆಣ್ಣಿಲಿಗಳನ್ನು ಒಗ್ಗಿಸಿ, ಅವುಗಳ ಮರಿಗಳನ್ನು ಬೇರೆ ಇಲಿಗಳ ಮರಿಗಳೊಂದಿಗೆ ಅದಲುಬದಲು ಮಾಡಿ ಹಾಲೂಡಿಸಿದಾಗ, ರಕ್ಷಣೆಯು ಗರ್ಭದಲ್ಲಿಯೂ ಹಾಲಿನ ಮೂಲಕವೂ ತಾಯಿಯಿಂದ ಮರಿಗೆ ದಾಟುತ್ತದೆ, ತಂದೆಯಿಂದ ಬರುವುದಿಲ್ಲ ಎಂಬುದು ಸಿದ್ಧವಾಯಿತು. ದಾಟುವ ಬಗೆ ಎಲ್ಲ ಪ್ರಾಣಿಗಳಲ್ಲಿ ಒಂದೇ ಅಲ್ಲ. ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್‌ಗಳಾದ ಪ್ರತಿಕಾಯಗಳು ಆಕಳಿನ ಮಾಸನ್ನು ದಾಟಲಾರವು; ಒಕ್ಕಲುತನದ ಊರುಗಳಲ್ಲಿ ಹುಟ್ಟಿದ ಕರುವಿಗೆ ಮೊದಲ ದಿನದ ಗಿಣ್ಣದ ಹಾಲು ತಪ್ಪಬಾರದೆನ್ನುವುದು ಇದರಿಂದಲೇ. ಮನುಷ್ಯರಲ್ಲಿ ಐಜಿಜಿ ಎಂಬ ಪ್ರತಿಕಾಯ ಬಹುಪಾಲು ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮಗುವನ್ನು ಸೇರಿ, ಹೆರಿಗೆಯ ನಂತರ ಸುಮಾರು 3 ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಹೋಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಈ ಪಾಲು ಕಡಿಮೆ ಸಿಗುವುದರಿಂದ ಅಪಾಯ ಹೆಚ್ಚು. ಎದೆಹಾಲಿನಲ್ಲಿ, ವಿಶೇಷವಾಗಿ ಮೊದಲ ದಿನಗಳ ಹಳದಿ ಹಾಲಿನಲ್ಲಿ, ಹೇರಳವಾಗಿರುವ ಐಜಿಎ ಪ್ರತಿಕಾಯ ಕರುಳಿನ ಒಳಮೈಯಲ್ಲೇ ನಿಂತು ವೈರಸ್‌ಗಳನ್ನು ತಡೆಯುತ್ತದೆ.

ಮಗುವಿನ ಸ್ವಂತ ಶಕ್ತಿಯ ವಿಚಾರದಲ್ಲಿ ಬಹುಕಾಲ ಅನುಮಾನವೇ ಉಳಿಯಿತು. ಪೀಟರ್ ಮೆಡಾವರ್ ಮತ್ತು ಸಂಗಡಿಗರು 1953ರಲ್ಲಿ, ಜನನಕ್ಕೆ ಮುನ್ನ ಅನ್ಯ ಕೋಶಗಳನ್ನು ಪಡೆದ ಇಲಿಗಳು ಮುಂದೆ ಅದೇ ಮೂಲದ ಚರ್ಮದ ಕಸಿಯನ್ನು ತಿರಸ್ಕರಿಸುವುದಿಲ್ಲವೆಂದು ತೋರಿಸಿದ ಮೇಲೆ, ಎಳೆಯ ದೇಹ ಎದುರಿಸುವುದಕ್ಕಿಂತ ಸಹಿಸುವುದನ್ನೇ ಕಲಿಯುತ್ತದೆಂಬ ಅಭಿಪ್ರಾಯ ಬೇರೂರಿತು. 1996ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನಗಳು ಇದನ್ನು ತಿದ್ದಿದವು. ಅವುಗಳಲ್ಲೊಂದರಲ್ಲಿ, ಅಲ್ಪ ಪ್ರಮಾಣದ ವೈರಸ್ ಸೋಂಕಿದ ನವಜಾತ ಮರಿಗಳು ಸೋಂಕಿತ ಕೋಶಗಳನ್ನು ಕೊಲ್ಲುವ ಟಿ-ಕೋಶಗಳನ್ನು ಬೆಳೆಸಿಕೊಂಡು ರೋಗದಿಂದ ಪಾರಾದವು.

ಮಾನವ ಶಿಶುಗಳಲ್ಲಿ ಇಂಥ ಸಾಕ್ಷ್ಯ ರೋಟಾವೈರಸ್‌ನಿಂದ ಆಗಲೇ ಬರತೊಡಗಿತ್ತು. ಮಕ್ಕಳ ತೀವ್ರ ಭೇದಿಗೆ ಕಾರಣವಾಗುವ ಈ ವೈರಸ್ಸನ್ನು 1973ರಲ್ಲಿ ಮೆಲ್ಬರ್ನ್‌ನಲ್ಲಿ ಗುರುತಿಸಿದ ರೂತ್ ಬಿಷಪ್ ಮತ್ತು ಸಹೋದ್ಯೋಗಿಗಳು, ಹುಟ್ಟಿದ ಹೊಸತರಲ್ಲೇ ಸೋಂಕು ತಗಲಿದ ಮಕ್ಕಳಿಗೆ ಮುಂದೆ ತೀವ್ರ ಭೇದಿ ಬರುವುದು ಕಡಿಮೆಯೆಂದು 1983ರಲ್ಲಿ ವರದಿ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ನಗರದ ನವಜಾತ ಶಿಶುಗಳ ಮಲವನ್ನು ಪರೀಕ್ಷಿಸಿದಾಗ, ಭೇದಿಯ ಲಕ್ಷಣವೇ ಇಲ್ಲದ ಶಿಶುಗಳಲ್ಲಿ ಐ321 ತಳಿ ಕಂಡುಬಂತು. ಅದರ ಹೊರಮೈಯ ಎರಡು ಪ್ರೋಟೀನ್‌ಗಳೂ ದನಗಳ ರೋಟಾವೈರಸ್ಸಿನವನ್ನು ಬಹುವಾಗಿ ಹೋಲುತ್ತಿದ್ದವು. ದನದ ಮತ್ತು ಮನುಷ್ಯನ ವೈರಸ್‌ಗಳ ಜೀನ್‌ಗಳು ಬೆರೆತು ಹುಟ್ಟಿದ ಮಿಶ್ರತಳಿ ಇದಾಗಿತ್ತು. 1988ರಿಂದ 1999ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಸಂಶೋಧಕರು, ಬೆಂಗಳೂರಿನಲ್ಲಿ ರೋಟಾವೈರಸ್ ಭೇದಿಯಿಂದ ಆಸ್ಪತ್ರೆ ಸೇರುವ ಮಕ್ಕಳ ಪ್ರಮಾಣ ಇಳಿದುದಕ್ಕೆ ಈ ನಿರುಪದ್ರವಿ ಸೋಂಕು ಕಾರಣವಾಗಿರಬಹುದೆಂದು 2004ರಲ್ಲಿ ಸೂಚಿಸಿದರು. ವೆಲ್ಲೂರಿನಲ್ಲಿ ಇದೇ ಬಗೆಯ ವೈರಸ್ ಸೋಂಕಿದ ಶಿಶುಗಳಿಗೆ ಅಂಥ ರಕ್ಷಣೆ ದೊರೆಯದಿದ್ದುದರಿಂದ, ಎಲ್ಲ ಎಳೆಯ ಸೋಂಕುಗಳೂ ಒಂದೇ ಫಲ ಕೊಡುವುದಿಲ್ಲವೆಂಬುದೂ ಸ್ಪಷ್ಟವಾಯಿತು.

ಐ321 ಮತ್ತು ದೆಹಲಿಯ ನವಜಾತ ಶಿಶುಗಳಲ್ಲಿ ದೊರೆತ 116ಇ ತಳಿಗಳನ್ನು ಲಸಿಕೆಗಾಗಿ ಪರೀಕ್ಷಿಸಿದಾಗ, ಎರಡನೆಯದೇ ಹೆಚ್ಚು ಪ್ರತಿಕ್ರಿಯೆ ಹುಟ್ಟಿಸಿತು. ಅದರಿಂದ ತಯಾರಾದ ರೋಟಾವ್ಯಾಕ್ ಲಸಿಕೆ 2016ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು ಪ್ರವೇಶಿಸಿತು. ಇಂದು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ, 6, 10 ಮತ್ತು 14 ವಾರಗಳಲ್ಲಿ ರೋಟಾವೈರಸ್ ಲಸಿಕೆ ನೀಡುವುದು ಮಗು ತಾನೇ ಕಲಿಯಬಲ್ಲದೆಂಬ ಭರವಸೆಯಿಂದ. ದಡಾರದ ಲಸಿಕೆಯನ್ನು 9 ತಿಂಗಳವರೆಗೆ ತಡೆಯುವುದು ತಾಯಿಯ ಪ್ರತಿಕಾಯಗಳು ಅದನ್ನು ನಿಷ್ಫಲಗೊಳಿಸದಿರಲೆಂದು.