ರಾಗಿ ಎಲೆಯೊಳಗಿನ ಹಾರ

ಪೂರ್ವ ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ಹಳೆಯ ಮನೆ ಕೆಡವಿ ಹೊಸದಕ್ಕೆ ಪಾಯ ತೋಡುವಾಗ ಮೊದಲು ಮೇಲೆ ಬರುವುದು ಕೆಂಪು ಮಣ್ಣು, ಅದರ ಕೆಳಗೆ ಗರಸು. ನೀರನ್ನು ಬಹಳ ದಿನ ಹಿಡಿದಿಡಲಾರದ ಮಣ್ಣು ಅದು. ಕೌದೇನಹಳ್ಳಿ, ಕಲ್ಕೆರೆ, ಹೊರಮಾವು, ಬಾಣಸವಾಡಿ ಎಂಬ ಹೆಸರುಗಳು ಈಗ ಬಸ್ಸಿನ ಬೋರ್ಡಿನ ಮೇಲಿವೆ. ಒಂದು ಕಾಲಕ್ಕೆ ಇವು ಕೆರೆಯ ಕೆಳಗೆ ಗದ್ದೆ ತೋಟ, ದಿಣ್ಣೆಯ ಮೇಲೆ ರಾಗಿ ಹೊಲ ಇಟ್ಟುಕೊಂಡಿದ್ದ ಊರುಗಳು. ಕೆರೆಯ ನೀರು ಗದ್ದೆಯ ಪಾಲು. ರಾಗಿಗೆ ಆಕಾಶವೇ ಗತಿ.

ಆಕಾಶವೂ ಇಲ್ಲಿ ಜಿಪುಣನೇನಲ್ಲ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ತೊಂದರೆ ಇರುವುದು ಬೀಳುವ ರೀತಿಯಲ್ಲಿ. ಬಿತ್ತನೆಗೆ ಹದವಾಗಿ ಬಂದ ಮಳೆ ಪೈರು ಗೇಣುದ್ದವಾದಾಗ ಕೈಕೊಡುತ್ತದೆ. ಮೂರು ವಾರ ಒಣಗಾಳಿ ಬೀಸಿ, ಹಸ್ತ ಚಿತ್ತದ ಹೊತ್ತಿಗೆ ಒಮ್ಮೆಲೇ ಸುರಿಯುತ್ತದೆ. ಆ ಮೂರು ವಾರ ತಡೆದುಕೊಂಡ ಗಿಡ ಮಾತ್ರ ಮನೆಗೆ ಬರುತ್ತದೆ. ಪೂರ್ವ ಬೆಂಗಳೂರಿನ ಬೇಸಾಯದ ಇತಿಹಾಸವೆಲ್ಲ ಆ ಮೂರು ವಾರಗಳ ಸುತ್ತ ಕಟ್ಟಿಕೊಂಡದ್ದು. ಹೆಬ್ಬಾಳದ ಮತ್ತು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಸಸ್ಯಶಾಸ್ತ್ರಜ್ಞರು ಪ್ರಯೋಗಾಲಯಕ್ಕೆ ಒಯ್ದ ಪ್ರಶ್ನೆಯೂ ಅದೇ.

ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮದ್ರಾಸಿನಿಂದ ಹೊರಟು ಕೋಲಾರದ ಸೀಮೆ ಹಾದು ಮೂಡಣ ದಿಕ್ಕಿನಿಂದ ಬೆಂಗಳೂರು ತಲುಪಿದ. ಮೈಸೂರು ಸೀಮೆಯ ಬೆಳೆ, ಮಣ್ಣು, ಕಸುಬುಗಳನ್ನು ಕಂಡು ಬರೆಯಬೇಕೆಂದು ಕಂಪನಿ ಸರ್ಕಾರ ಕಳಿಸಿದ್ದ ಮನುಷ್ಯ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಖುಷ್ಕಿ ಬೆಳೆಗಳ ಪೈಕಿ ರಾಗಿಗೇ ಮೊದಲ ಮಣೆ. ರೈತರು ಕರಿ ರಾಗಿ, ಕೆಂಪು ರಾಗಿ ಎಂದು ತಳಿಗಳನ್ನು ಬೇರೆ ಮಾಡುತ್ತಿದ್ದುದನ್ನು, ಕೂರಿಗೆಯಲ್ಲಿ ಬಿತ್ತಿ ನಡುನಡುವೆ ಅವರೆ, ತೊಗರಿಯ ಸಾಲು ಬಿಡುತ್ತಿದ್ದುದನ್ನು ಅವನು ಗಮನವಿಟ್ಟು ದಾಖಲಿಸಿದ.

ಆ ಸಾಲಿಗೆ ಅಕ್ಕಡಿ ಸಾಲು ಎಂದು ಹೆಸರು. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ದಟ್ಟವಾಗಿ ಹರಡುತ್ತದೆ. ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ರಾಗಿ ಕೊಯ್ದ ಮೇಲೆ ಅವರೆ ಹೊಲವಿಡೀ ಹಬ್ಬಿ, ಇಬ್ಬನಿ ಕುಡಿದು ಕಾಯಿ ಬಿಡುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂಬ ಲೆಕ್ಕ ಅದರಲ್ಲಿತ್ತು.

ಇದಕ್ಕಿಂತ ಬೆರಗಿನದು ಹಲುಬೆ. ಪೈರು ಮೂರು ವಾರದ್ದಾದಾಗ ಮರದ ಹಲ್ಲುಗಳ ಈ ಸಾಧನವನ್ನು ಎತ್ತು ಕಟ್ಟಿ ಎಳೆ ರಾಗಿಯ ಮೇಲೆಯೇ ಎಳೆಯುತ್ತಿದ್ದರು. ನೋಡಿದವರಿಗೆ ಕೈಯಾರೆ ಬೆಳೆ ಹಾಳು ಮಾಡಿದಂತೆ ಕಾಣಬೇಕು. ಒತ್ತಾದ ಪೈರು ಕಿತ್ತು ಬರುತ್ತದೆ, ಕಳೆ ಸಾಯುತ್ತದೆ, ಹೆಪ್ಪುಗಟ್ಟಿದ ಮೇಲ್ಮಣ್ಣು ಒಡೆಯುತ್ತದೆ. ಉಳಿದ ಪೈರು ಪೆಟ್ಟು ತಿಂದು ಎರಡು ದಿನ ಬಾಡಿ, ಆಮೇಲೆ ಬುಡದಲ್ಲಿ ತೆಂಡೆ ಒಡೆಯುತ್ತದೆ. ಹಾವೇರಿ ಕಡೆಯ ಗುಳಿ ರಾಗಿಯಲ್ಲಿ ಇದೇ ಕೆಲಸಕ್ಕೆ ಪೈರಿನ ಮೇಲೆ ಕೊರಡು ಎಳೆಯುತ್ತಾರೆ. ಗಿಡಕ್ಕೆ ಚಿಕ್ಕಂದಿನಲ್ಲಿ ಸ್ವಲ್ಪ ಕಷ್ಟ ತೋರಿಸಬೇಕೆಂದು ರೈತರಿಗೆ ಗೊತ್ತಿತ್ತು. ಬಿತ್ತುವ ಮುಂಚೆ ಬೀಜವನ್ನು ನೆನೆಹಾಕಿ, ಮೊಳಕೆ ಕಣ್ಣು ಬಿಡುವ ಹೊತ್ತಿಗೆ ನೆರಳಲ್ಲಿ ಒಣಗಿಸಿ ಗಟ್ಟಿಮಾಡುವ ಕ್ರಮವನ್ನು ಮುಂದೆ ಕೃಷಿ ವಿಜ್ಞಾನಿಗಳೇ ಶಿಫಾರಸು ಮಾಡಿದರು.

ಸುಗ್ಗಿ ಮುಗಿದು, ಕಣದಲ್ಲಿ ರೋಣಗಲ್ಲು ಉರುಳಿಸಿ ಬಡಿದು ತೂರಿದ ರಾಗಿ ಹಗೇವಿಗೆ ಇಳಿಯುತ್ತಿತ್ತು. ನೆಲದೊಳಗೆ ಕೊರೆದ, ಬಾಯಿ ಕಿರಿದಾದ ಕಣಜ ಅದು. ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಕಾಳು ಉಸಿರಾಡುತ್ತಾ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳ ಬದುಕುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಿದ್ದರು. ಹೊಲದಲ್ಲಿ ಎಲೆ ಹೀರಿ ಕಾಳಾಗಿಸಿದ ಅನಿಲವೇ ನೆಲದೊಳಗೆ ಆ ಕಾಳಿಗೆ ಕಾವಲು ನಿಂತಿತ್ತು.

1876ರಲ್ಲಿ ಈ ಏರ್ಪಾಡೂ ಸಾಲದಾಯಿತು. ಧಾತು ಸಂವತ್ಸರದಲ್ಲಿ ಮಳೆ ಹೋಯಿತು, ಈಶ್ವರ ಸಂವತ್ಸರದಲ್ಲೂ ಸಕಾಲಕ್ಕೆ ಬರಲಿಲ್ಲ. ಹಗೇವುಗಳು ಬರಿದಾದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ ರೈಲು ಬಂದು ಆಗಲೇ ಹನ್ನೆರಡು ವರ್ಷವಾಗಿತ್ತು. ಇಂದಿನ ರಾಮಮೂರ್ತಿ ನಗರದ ಮಗ್ಗುಲಲ್ಲೇ ಹಾದುಹೋಗುವ ಹಳಿ ಅದು. ಅದರ ಮೇಲೆ ಧಾನ್ಯ ಬಂತು, ಆದರೆ ಜನರನ್ನು ಉಳಿಸುವಷ್ಟು ಬರಲಿಲ್ಲ.

ಬರದ ನೆನಪು ಹಸಿಯಾಗಿದ್ದಾಗಲೇ ಸಂಸ್ಥಾನ ವಿಜ್ಞಾನದ ಕಡೆ ತಿರುಗಿತು. 1899ರಲ್ಲಿ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟು, ಡಾ. ಲೇಹ್ಮನ್ ಎಂಬ ರಸಾಯನ ವಿಜ್ಞಾನಿಯ ಕೈಗೆ ಮಣ್ಣು ಬೆಳೆಗಳ ಸಂಶೋಧನೆ ಒಪ್ಪಿಸಿದರು. ಅವರ ನಂತರ ಬಂದವರು ಕೆನಡಾದ ಲೆಸ್ಲಿ ಕೋಲ್ಮನ್. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ವಿರುದ್ಧ ಬೋರ್ಡೋ ದ್ರಾವಣ ಕೊಟ್ಟವರೆಂದೇ ಅವರ ನೆನಪು. ಅದೇ ಕೋಲ್ಮನ್ 1920ರಲ್ಲಿ ಮೈಸೂರಿನ ರಾಗಿ ಬೇಸಾಯದ ಬಗ್ಗೆಯೇ ಒಂದು ಪ್ರತ್ಯೇಕ ಪುಸ್ತಿಕೆ ಬರೆದರು. ಬಡವರ ಕಾಳೆಂದು ಪಟ್ಟಣದವರು ಮೂಗು ಮುರಿಯುತ್ತಿದ್ದ ಧಾನ್ಯವನ್ನು ಇಲಾಖೆಯ ನಿರ್ದೇಶಕರೇ ಕೂತು ಅಧ್ಯಯನ ಮಾಡಿದ್ದು ಸಣ್ಣ ಸಂಗತಿಯಲ್ಲ.

ರಾಗಿ ಮೂರು ವಾರದ ಒಣಹವೆ ತಡೆಯುವುದು ಹೇಗೆ ಎಂಬುದಕ್ಕೆ ಪೂರ್ಣ ಉತ್ತರ ಮಾತ್ರ ಅವರ ಕಾಲಕ್ಕೆ ಸಿಗಲಿಲ್ಲ. ಉತ್ತರದ ಒಂದು ಭಾಗ ಕಬ್ಬಿನ ಗದ್ದೆಯಿಂದ ಬಂತು. 1965ರಲ್ಲಿ ಹವಾಯಿಯ ಕೋರ್ಟ್‌ಶಾಕ್ ಮತ್ತು ಸಂಗಡಿಗರು, ಮರುವರ್ಷ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್, ಕಬ್ಬಿನ ಎಲೆ ಸೂರ್ಯನ ಬೆಳಕಲ್ಲಿ ಇಂಗಾಲ ಹಿಡಿಯುವ ದಾರಿ ಭತ್ತ, ಗೋಧಿಗಳ ದಾರಿಗಿಂತ ಬೇರೆ ಎಂದು ತೋರಿಸಿದರು. ರಾಗಿ, ಜೋಳ, ಮುಸುಕಿನ ಜೋಳ ಕೂಡ ಕಬ್ಬಿನ ಬಳಗದವೇ ಎಂಬುದು ಆಮೇಲೆ ಸ್ಪಷ್ಟವಾಯಿತು.

ಎಲೆಯ ಮೈಮೇಲೆ ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಯಿಗಳಿವೆ. ತೆರೆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಅದೇ ಬಾಯಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನೀರು ಉಳಿಸಲು ಮುಚ್ಚಿದರೆ ಊಟ ನಿಲ್ಲುತ್ತದೆ. ಭತ್ತದ ಎಲೆಗೆ ಇನ್ನೊಂದು ಸಂಕಟವೂ ಉಂಟು. ಇಂಗಾಲ ಹಿಡಿಯುವ ರುಬಿಸ್ಕೋ ಎಂಬ ಕಿಣ್ವ ಬಿಸಿಲೇರಿದಂತೆ ತಪ್ಪಾಗಿ ಆಮ್ಲಜನಕವನ್ನು ಹಿಡಿಯತೊಡಗುತ್ತದೆ, ಗಳಿಸಿದ್ದರಲ್ಲಿ ಒಂದು ಪಾಲು ಸೋರಿ ಹೋಗುತ್ತದೆ. ರಾಗಿ ಎಲೆಯಲ್ಲಿ ಆಹಾರ ಸಾಗಿಸುವ ನಾಳದ ಸುತ್ತ ದಪ್ಪ ಕೋಶಗಳು ಹಾರ ಹಾಕಿದಂತೆ ಕೂತಿವೆ. ಹೊರಗಿನ ಕೋಶಗಳು ಬೇರೊಂದು ಕಿಣ್ವದಿಂದ ಇಂಗಾಲ ಹಿಡಿದು ಆ ಹಾರದೊಳಕ್ಕೆ ತುಂಬುತ್ತವೆ. ರುಬಿಸ್ಕೋ ಅಲ್ಲಿ ಇಂಗಾಲದ ರಾಶಿಯ ನಡುವೆ ಕೂತು ಕೆಲಸ ಮಾಡುತ್ತದೆ, ತಪ್ಪಲು ಅವಕಾಶವೇ ಕಡಿಮೆ. ಪತ್ರರಂಧ್ರ ಅರೆ ತೆರೆದಿದ್ದರೂ ಊಟ ನಡೆಯುತ್ತದೆ. ಇಂಥ ಗಿಡಗಳು ಒಂದು ಕಿಲೋ ಒಣಪದಾರ್ಥ ಕಟ್ಟಲು ಭತ್ತ, ಗೋಧಿ ಬೇಡುವ ನೀರಿನ ಸುಮಾರು ಅರ್ಧದಲ್ಲೇ ತೃಪ್ತಿಪಡುತ್ತವೆ. ಕಲ್ಕೆರೆಯ ದಿಣ್ಣೆಯ ಮೇಲೆ ರಾಗಿ, ಕೆರೆಯ ಕೆಳಗೆ ಭತ್ತ ಎಂದು ಹಂಚಿದ ಹಿರಿಯರು ಎಲೆ ಸೀಳಿ ನೋಡಿದವರಲ್ಲ. ಹಂಚಿಕೆ ಮಾತ್ರ ಸರಿಯಾಗಿತ್ತು.

ಅದೇ ದಶಕದಲ್ಲಿ, 1964ರಲ್ಲಿ, ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸುವ ಕೆಲಸದಲ್ಲಿ ಮುಳುಗಿದ್ದರು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಗಲಿದ ನೆಂಟರನ್ನು ಮತ್ತೆ ಒಂದೇ ಪಂಕ್ತಿಗೆ ತಂದಂಥ ಕೆಲಸ. ರಾಗಿಯ ಹೂ ತೀರಾ ಚಿಕ್ಕದು, ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಸಂಕರ ಮಾಡುವುದು ಕಣ್ಣಿಗೂ ತಾಳ್ಮೆಗೂ ಪರೀಕ್ಷೆ. ಹಾಗೆ ಹುಟ್ಟಿದ ಇಂಡಾಫ್ ತಳಿಗಳು ಹಳೆ ಮೈಸೂರಿನ ಇಳುವರಿಯನ್ನೇ ಬದಲಿಸಿದವು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಮುಂದೆ ಬೆಂಕಿರೋಗದ ಕಾಟ ಹೆಚ್ಚಿದಾಗ ಇಂಡಾಫ್ 5 ಮತ್ತು ಇಂಡಾಫ್ 9ರ ವಂಶದಿಂದಲೇ ಜಿಪಿಯು 28 ಬಂತು. ಬೆಂಗಳೂರು, ಕೋಲಾರದ ಹೊಲಗಳಲ್ಲಿ ಇವತ್ತಿಗೂ ಅದಕ್ಕೆ ಮರ್ಯಾದೆ ಇದೆ.

ಇಳುವರಿ ಹೆಚ್ಚಿತು, ಒಣಹವೆಯ ಪ್ರಶ್ನೆ ಹಾಗೇ ಉಳಿಯಿತು. ಅದನ್ನು ಕೈಗೆತ್ತಿಕೊಂಡದ್ದು ಜಿಕೆವಿಕೆಯ ಬೆಳೆ ಶರೀರಕ್ರಿಯಾ ವಿಭಾಗ. ಕೆ.ಎಸ್. ಕೃಷ್ಣಶಾಸ್ತ್ರಿ, ಎಂ. ಉದಯಕುಮಾರ್, ಟಿ.ಜಿ. ಪ್ರಸಾದ್, ಎಂ.ಎಸ್. ಶೇಷಶಾಯಿ ಮೊದಲಾದವರು ತಲೆಮಾರಿನಿಂದ ತಲೆಮಾರಿಗೆ ಈ ಕೆಲಸ ದಾಟಿಸಿದರು. ಎಲೆಯ ಜೊತೆ ಹಸಿರು ತೆನೆಯೂ ಬೆಳಕು ಹಿಡಿದು ಕಾಳು ತುಂಬಲು ನೆರವಾಗುವುದನ್ನು ಇಲ್ಲಿ ಪರೀಕ್ಷಿಸಿದರು. ಮೊಳಕೆಗಳಿಗೆ ಮೊದಲು ಸಾಯದಷ್ಟು ಬಿಸಿ ಕೊಟ್ಟು, ಆಮೇಲೆ ಮಾರಕವಾದ ಬಿಸಿಗೆ ಒಡ್ಡಿ ಉಳಿದವನ್ನು ಆರಿಸುವ ವಿಧಾನವನ್ನು ರೂಢಿಗೆ ತಂದರು. ವಿಶ್ವವಿದ್ಯಾಲಯದ್ದೇ ಆದ ಕೆಬಿಎಸ್‌ಎಚ್ 1 ಸೂರ್ಯಕಾಂತಿಯ ಪೋಷಕ ತಳಿಗಳನ್ನು ಹೀಗೆ ಶೋಧಿಸಿದರು. ಮೊದಲು ಸಣ್ಣ ಪೆಟ್ಟು, ಆಮೇಲೆ ದೊಡ್ಡದನ್ನು ತಾಳುವ ಶಕ್ತಿ: ಹಲುಬೆ ಹೊಡೆಯುತ್ತಿದ್ದ ರೈತನಿಗೆ ಇದು ಅಪರಿಚಿತ ಮಾತಲ್ಲ.

ಗಿಡ ಎಷ್ಟು ನೀರಿಗೆ ಎಷ್ಟು ಬೆಳೆಯಿತು ಎಂದು ಅಳೆಯುವುದೇ ಇಲ್ಲಿನ ಕಷ್ಟದ ಕೆಲಸ. ಶೇಂಗಾದಂಥ ಗಿಡಕ್ಕೆ ಒಂದು ಉಪಾಯವುಂಟು. ಗಾಳಿಯ ಇಂಗಾಲದಲ್ಲಿ ಶೇಕಡ 1.1ರಷ್ಟು ತುಸು ಭಾರದ್ದು. ರುಬಿಸ್ಕೋಗೆ ಹಗುರದ್ದೇ ಇಷ್ಟ. ಪತ್ರರಂಧ್ರ ಬಿಗಿಹಿಡಿದ ಗಿಡದಲ್ಲಿ ಆರಿಸಲು ಆಸ್ಪದ ಕಡಿಮೆಯಾಗಿ ಭಾರದ ಇಂಗಾಲವೂ ಸೇರಿಕೊಳ್ಳುತ್ತದೆ. ಹಾಗಾಗಿ ಒಣ ಎಲೆಯ ಪುಡಿಯಲ್ಲಿ ಇಡೀ ಹಂಗಾಮಿನ ನೀರಿನ ಲೆಕ್ಕವನ್ನು ಓದಬಹುದು. ಯಂತ್ರ ದುಬಾರಿಯಾದ್ದರಿಂದ, ಎಲೆಯ ಹಸಿರನ್ನು ಅಳೆಯುವ ಕೈಮೀಟರಿನಿಂದಲೇ ಶೇಂಗಾ ತಳಿಗಳ ನೀರಿನ ಮಿತವ್ಯಯವನ್ನು ಅಂದಾಜಿಸಬಹುದೆಂದು 2006ರಲ್ಲಿ ಈ ತಂಡ ತೋರಿಸಿತು. ರಾಗಿಯ ಹಾರದೊಳಗೆ ಮಾತ್ರ ಇಂಗಾಲದ ಈ ಲೆಕ್ಕ ಮಸುಕಾಗುತ್ತದೆ. ಅಲ್ಲಿ ಹಳೆಯ ದಾರಿಯೇ ಸರಿ: ಕುಂಡವನ್ನು ದಿನವೂ ತೂಗುವುದು, ಕಡಿಮೆಯಾದಷ್ಟೇ ನೀರು ಹಾಕುವುದು, ಬರೆದಿಡುವುದು.

ನೀರಿನ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ನೋಡಲು ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರ ದಾಟಿ ಹೊಸಕೋಟೆಗೆ ಹೋದರೆ ಸಾಕಾಗಿತ್ತು. 1980ರ ದಶಕದಲ್ಲಿ ರಾಗಿ ಹೊಲಗಳು ಸಾಲುಸಾಲಾಗಿ ನೀಲಗಿರಿ ತೋಪುಗಳಾದವು. ಕೂಲಿ ಬೇಡ, ಕಾವಲು ಬೇಡ, ಕಾಗದದ ಕಾರ್ಖಾನೆ ಕೊಳ್ಳುತ್ತದೆ. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಕರ್ನಾಟಕದ ಸಹೋದ್ಯೋಗಿಗಳ ಜೊತೆ ನಡೆಸಿದ ಅಳತೆಯಲ್ಲಿ ನೀಲಗಿರಿ ರಾಗಿಯ ಸುಮಾರು ಎರಡರಷ್ಟು ನೀರು ಕುಡಿಯುವುದು ಕಂಡಿತು. ಹೊಸಕೋಟೆಯ ಆಳ ಮಣ್ಣಿನಲ್ಲಂತೂ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಮರಗಳು ಎಳೆದಿದ್ದವು ಎಂದು 1997ರಲ್ಲಿ ಪ್ರಕಟವಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ನಿಷೇಧಿಸಿದ್ದು 2017ರಲ್ಲಿ. ಆ ಇಪ್ಪತ್ತು ವರ್ಷಗಳ ತಡ ನೋವಿನ ಸಂಗತಿ.

ಅದೇ 2017ರಲ್ಲಿ ಶೈಲಜಾ ಹಿತ್ತಲಮನಿ ಅವರ ನೇತೃತ್ವದಲ್ಲಿ ಜಿಕೆವಿಕೆಯ ತಂಡ ಎಂಎಲ್ 365 ಎಂಬ ಬರ ಸಹಿಷ್ಣು ರಾಗಿಯ ಜೀನೋಮನ್ನು ಓದಿ ಪ್ರಕಟಿಸಿತು. 85,243 ಜೀನುಗಳು. ನೀರು ಕಡಿಮೆಯಾದಾಗ ಯಾವ ಜೀನು ಎದ್ದು ಕೂರುತ್ತದೆ, ಯಾವುದು ಸುಮ್ಮನಾಗುತ್ತದೆ ಎಂಬ ಪಟ್ಟಿ ಮೊದಲ ಬಾರಿ ಕೈಗೆ ಬಂತು. ಹೆಬ್ಬಾಳದ 30 ಎಕರೆಯಲ್ಲಿ ಶುರುವಾದ ಕೆಲಸ ಎಲೆಯೊಳಗಿನ ಅಕ್ಷರದವರೆಗೆ ತಲುಪಲು 118 ವರ್ಷ ಹಿಡಿಯಿತು.

ಅಷ್ಟರಲ್ಲಿ ದಿಣ್ಣೆಯ ಹೊಲಗಳು ನಿವೇಶನಗಳಾಗಿದ್ದವು. 1948ರಲ್ಲಿ ಬಂದ ಐಟಿಐ ಕಾರ್ಖಾನೆ ದೂರವಾಣಿನಗರಕ್ಕೆ ಹೆಸರನ್ನೂ ಸುತ್ತಲ ಹಳ್ಳಿಗಳಿಗೆ ಸಂಬಳವನ್ನೂ ತಂದಿತು, ಬಡಾವಣೆಗಳು ಬೆಳೆದವು, ಹೊರವರ್ತುಲ ರಸ್ತೆ ಬಂತು, 2007ರಲ್ಲಿ ಕೆ.ಆರ್. ಪುರ ನಗರಸಭೆ ಮಹಾನಗರ ಪಾಲಿಕೆಯೊಳಗೆ ಸೇರಿತು. ರಾಗಿ ಹೊಸಕೋಟೆಯ ಆಚೆಗೆ ಸರಿಯಿತು.

ಅಲ್ಲಿಯೂ ಬೇಸಾಯ ಬದಲಾಗಿದೆ. ಆಳು ಸಿಗುವುದಿಲ್ಲ, ಕೊಯ್ಲಿಗೆ ಬಾಡಿಗೆ ಯಂತ್ರ ಬರುತ್ತದೆ. ರಾಗಿಯ ನಡುವೆ ಹಬ್ಬಿದ ಅವರೆ ಬಳ್ಳಿ ಯಂತ್ರಕ್ಕೆ ಅಡ್ಡಿ. ಆದ್ದರಿಂದ ಅಕ್ಕಡಿ ಸಾಲು ಬಿಟ್ಟು ಬರೀ ರಾಗಿ ಬಿತ್ತುವವರು ಹೆಚ್ಚಿದ್ದಾರೆ. ಅವರೆಯ ಮಟ್ಟಿಗೆ ಕೃಷಿ ವಿಶ್ವವಿದ್ಯಾಲಯ ಬೇರೆ ದಾರಿ ತೆರೆದಿದೆ. ನಾಟಿ ಅವರೆ ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುತ್ತದೆ. ಹೆಬ್ಬಾಳ ಅವರೆ ತಳಿಗಳಿಗೆ ಆ ಹಂಗಿಲ್ಲ, ವರ್ಷದ ಯಾವ ಕಾಲದಲ್ಲಾದರೂ ಕಾಯಿ ಕೊಡುತ್ತವೆ. ಮೇ ತಿಂಗಳಲ್ಲೂ ಅಂಗಡಿಯಲ್ಲಿ ಅವರೆಕಾಯಿ ಕಾಣುವುದು ಹೀಗೆ. ಆದರೂ ಡಿಸೆಂಬರಿನ ಬೆಳಗ್ಗೆ ಕೆ.ಆರ್. ಪುರದ ಸಂತೆಯಲ್ಲಿ ರಾಮಮೂರ್ತಿ ನಗರದ ಹಳಬರು ಒಂದೊಂದೇ ಕಾಯಿ ಎತ್ತಿ, ಮೂಗಿನ ಹತ್ತಿರ ಹಿಡಿದು, ಬೆರಳಿಗೆ ಅಂಟಿದ ಸೊಗಡನ್ನು ಮೂಸಿ ನೋಡಿಯೇ ಚೀಲಕ್ಕೆ ಹಾಕಿಕೊಳ್ಳುತ್ತಾರೆ.