ರೈಲ್ವೆ ಟೈಂಟೇಬಲ್ ಇಟ್ಕೊಂಡು ಇಂಗ್ಲಿಷ್ ಕಲಿಸಿದ ಬೆಂಗಳೂರು

1/5

ಮೊದಲನೇ ಫೋಟೋ ನಮ್ಮಜ್ಜನ ಟ್ರಂಕಲ್ಲಿ ಸಿಕ್ಕ ರೈಲ್ವೆ ಟೈಂಟೇಬಲ್. ರಟ್ಟು ಹರಿದುಹೋಗಿದೆ, ಯಾವ ವರ್ಷದ್ದು ಅಂತ ಗೊತ್ತಾಗಲ್ಲ. ಕಳೆದ ಸಲ ಊರಿಗೆ ಹೋದಾಗ ತಂದೆ. ಈ ವಾರದ ಇತಿಹಾಸ ಇದರಿಂದಲೇ ಶುರು.

ನೀವು ಇಂಗ್ಲಿಷ್ ಶಿಕ್ಷಣದ ಇತಿಹಾಸ ಅಂದ ತಕ್ಷಣ ಮೆಕಾಲೆ, 1835 ಅಂತೀರ. ಗೊತ್ತು. ಆ ಕಥೆ ಎಲ್ಲಾ ಪೇಜಲ್ಲೂ ಇದೆ, ಅರ್ಧ ಜನ ಅವನು ಹೇಳದೇ ಇರೋ ಮಾತನ್ನೂ ಅವನ ಹೆಸರಲ್ಲಿ ಫಾರ್ವರ್ಡ್ ಮಾಡ್ತಾರೆ. ಅದನ್ನ ಬಿಟ್ಟುಬಿಡೋಣ. ನಾನು ಹೇಳಹೊರಟಿರೋದು ಇನ್ನೂ ಹತ್ತಿರದ್ದು. ಬೇರೆ ದೇಶಗಳಲ್ಲಿ ಇಂಗ್ಲಿಷ್ ಟೀಚರ್ ಆಗೋಕೆ ಟ್ರೈನಿಂಗ್ ತಗೊಳ್ಳೋರು ಓದೋ ಪುಸ್ತಕಗಳಲ್ಲಿ ನಮ್ಮ ಊರಿನ ಹೆಸರು ಬರುತ್ತೆ. ಐಟಿಗಾಗಿ ಅಲ್ಲ, ಕೆಲವು ಸಾಧಾರಣ ಶಾಲೆಗಳ ತರಗತಿಗಳಿಗಾಗಿ. ಅದರ ಹೆಸರು ಬ್ಯಾಂಗಲೋರ್ ಪ್ರಾಜೆಕ್ಟ್. 1979ರಿಂದ 1984ರವರೆಗೆ ನಡೀತು. ನಮ್ಮ ಕ್ಲಾಸಲ್ಲಿ ಅರವತ್ತು ಜನರನ್ನ ಕೇಳಿದೆ, ಒಬ್ಬರಿಗೂ ಗೊತ್ತಿಲ್ಲ. ನನಗೂ ಎರಡು ತಿಂಗಳ ಹಿಂದೆ ಗೊತ್ತಿರಲಿಲ್ಲ.

ನನಗೆ ಇದು ಯಾಕೆ ತಾಗಿತು ಅಂದ್ರೆ, ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಒಂದನೇ ಕ್ಲಾಸಿಂದ ಇಂಗ್ಲಿಷ್ ಒಂದು ಸಬ್ಜೆಕ್ಟ್ ಆಗಿ ಇತ್ತು. ಹತ್ತು ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೇ ಮಾರ್ಕ್ಸೂ ಬಂತು. ಆದ್ರೆ ಪಿಯುಸಿ ಮೊದಲನೇ ದಿನ ಲೆಕ್ಚರರ್ "ಇಂಟ್ರಡ್ಯೂಸ್ ಯುವರ್‌ಸೆಲ್ಫ್" ಅಂದಾಗ ಹೆಸರು ಹೇಳಿ ನಿಂತುಬಿಟ್ಟೆ. ಮುಂದಕ್ಕೆ ಮಾತೇ ಬರಲಿಲ್ಲ. ಹಿಂದಿನ ಬೆಂಚಲ್ಲಿ ಯಾರೋ ನಕ್ಕರು. ತಪ್ಪು ನನ್ನದೇ ಅಂತ ತುಂಬಾ ದಿನ ಅಂದ್ಕೊಂಡಿದ್ದೆ.

ಮುಂದಿನ ಪೋಸ್ಟ್ ನೋಡಿ.

2/5

ಮೊದಲು ಪ್ರಾಜೆಕ್ಟಿಗಿಂತ ಮುಂಚೆ ಏನಿತ್ತು ಅಂತ ಹೇಳ್ಬೇಕು.

ಸ್ವಾತಂತ್ರ್ಯ ಬಂದಮೇಲೆ ಇಂಗ್ಲಿಷ್ ಇರಬೇಕಾ ಬೇಡವಾ ಅನ್ನೋ ಜಗಳ ನಡೀತಾನೇ ಇತ್ತು. ಜೊತೆಗೆ, ಇದ್ರೆ ಹೇಗೆ ಕಲಿಸೋದು ಅನ್ನೋ ಪ್ರಶ್ನೆಯೂ ಇತ್ತು. 1958ರಲ್ಲಿ ಹೈದರಾಬಾದಲ್ಲಿ ಇದಕ್ಕಂತಲೇ ಒಂದು ಕೇಂದ್ರ ಸಂಸ್ಥೆ ಶುರುವಾಯ್ತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. ಈಗ ಅದು ಜ್ಞಾನಭಾರತಿ ಕ್ಯಾಂಪಸ್ಸಲ್ಲಿದೆ. ಆ ಕಡೆ ಬಸ್ಸಲ್ಲಿ ಓಡಾಡೋರು ಬೋರ್ಡ್ ನೋಡಿರಬಹುದು. ನಾನೂ ನೋಡಿದ್ದೆ, ಸ್ಪೋಕನ್ ಇಂಗ್ಲಿಷ್ ಕೋರ್ಸ್ ಇರಬೇಕು ಅಂದ್ಕೊಂಡಿದ್ದೆ.

ಆಗ ಬಳಕೆಯಲ್ಲಿದ್ದ ವಿಧಾನಕ್ಕೆ ಸ್ಟ್ರಕ್ಚರಲ್ ಅಂತ ಹೆಸರು. ಭಾಷೆಯನ್ನ ಸಣ್ಣ ಸಣ್ಣ ವಾಕ್ಯದ ಅಚ್ಚುಗಳಾಗಿ ಒಡೆಯೋದು, ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಅಂತ ಸಾಲಾಗಿ ಜೋಡಿಸೋದು, ಒಂದು ದಿನಕ್ಕೆ ಒಂದು ಅಚ್ಚು ಕಲಿಸೋದು. ಮೇಷ್ಟ್ರು ಬಾಗಿಲ ಕಡೆ ನಡೀತಾ "ಐ ಆಮ್ ಗೋಯಿಂಗ್ ಟು ದ ಡೋರ್" ಅಂತಾರೆ, ಮಕ್ಕಳೆಲ್ಲ ಒಟ್ಟಿಗೆ ಹೇಳ್ತಾರೆ. ಬಾಗಿಲು ತೆಗೀತಾ "ಐ ಆಮ್ ಓಪನಿಂಗ್ ದ ಡೋರ್". ಮತ್ತೆ ಎಲ್ಲರೂ. ನಿಮ್ಮ ಅಪ್ಪ ಅಮ್ಮನ ಹತ್ರ "ದಿಸ್ ಈಸ್ ಎ ಪೆನ್, ದಟ್ ಈಸ್ ಎ ಟೇಬಲ್" ಅಂತ ಅಂದುನೋಡಿ, ರಾಗ ಸಮೇತ ಮುಂದುವರಿಸ್ತಾರೆ.

ಇದನ್ನ ಪೂರ್ತಿ ಬೈಯೋಕೆ ನನಗೆ ಮನಸ್ಸಿಲ್ಲ. ಅದಕ್ಕೂ ಮುಂಚೆ ಇದ್ದದ್ದು ವ್ಯಾಕರಣದ ನಿಯಮ ಬಾಯಿಪಾಠ ಮಾಡಿಸಿ ಅನುವಾದ ಬರೆಸೋದು. ಅದಕ್ಕೆ ಹೋಲಿಸಿದ್ರೆ ಇಲ್ಲಿ ಮಕ್ಕಳು ಬಾಯಾದ್ರೂ ತೆಗೀತಿದ್ರು. ಆದ್ರೆ ಯೋಚನೆ ಮಾಡಿ, ಬಾಗಿಲ ಕಡೆ ಹೋಗ್ತಾ ಇರೋ ಮನುಷ್ಯ "ನಾನು ಬಾಗಿಲ ಕಡೆ ಹೋಗ್ತಿದ್ದೀನಿ" ಅಂತ ಯಾರಿಗೆ ಹೇಳ್ತಾನೆ? ಎಲ್ಲರಿಗೂ ಕಾಣ್ತಾ ಇದೆಯಲ್ಲ. ಕ್ಲಾಸಲ್ಲಿ ವಾಕ್ಯ ಸರಿ ಬರುತ್ತೆ. ಹೊರಗೆ ಬಂದಮೇಲೆ ಏನಾದ್ರೂ ಹೇಳಬೇಕಾದಾಗ ಆ ವಾಕ್ಯ ಸಿಗಲ್ಲ.

1970ರ ದಶಕದ ಕೊನೆಗೆ ದಕ್ಷಿಣ ಭಾರತದ ಇಂಗ್ಲಿಷ್ ಟೀಚರ್‌ಗಳಲ್ಲೇ ಈ ಬೇಸರ ಬೆಳೆದಿತ್ತು. ಅದೇ ಹೊತ್ತಿಗೆ ಇಂಗ್ಲೆಂಡಿಂದ "ಕಮ್ಯುನಿಕೇಟಿವ್" ಅನ್ನೋ ಹೊಸ ಅಲೆ ಬರ್ತಿತ್ತು. ಕ್ಷಮೆ ಕೇಳೋದು, ದಾರಿ ಕೇಳೋದು, ಅಂಗಡಿಯಲ್ಲಿ ಮಾತಾಡೋದು ಹೀಗೆ ಸಂದರ್ಭ ಹಿಡಿದು ಕಲಿಸೋದು. ಆದ್ರೆ ಸರ್ಕಾರಿ ಶಾಲೆಯ ಮಗು ಯಾವ ಅಂಗಡಿಯಲ್ಲಿ ಇಂಗ್ಲಿಷಲ್ಲಿ ಮಾತಾಡ್ಬೇಕು? ನಮ್ಮೂರ ಶೆಟ್ಟರ ಅಂಗಡಿಯಲ್ಲಿ ಹೋಗಿ "ಎಕ್ಸ್‌ಕ್ಯೂಸ್ ಮಿ, ಕುಡ್ ಐ ಹ್ಯಾವ್ ಸಮ್ ಬೆಲ್ಲ" ಅಂದ್ರೆ ಹುಷಾರಿಲ್ವಾ ಮಗಾ ಅಂತಾರೆ ಅಷ್ಟೇ.

3/5

ಇಲ್ಲಿ ಎನ್. ಎಸ್. ಪ್ರಭು ಬರ್ತಾರೆ. ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲಲ್ಲಿ ಇಂಗ್ಲಿಷ್ ಶಿಕ್ಷಣದ ಕೆಲಸ ನೋಡ್ಕೊಳ್ತಿದ್ರು. ಬೆಂಗಳೂರಿನ ಆ ಪ್ರಾದೇಶಿಕ ಸಂಸ್ಥೆ ಜೊತೆ ಸೇರಿ ಒಂದು ಪ್ರಯೋಗ ಮಾಡಿದ್ರು. ಅವರ ವಾದ ಕೇಳೋಕೆ ತಲೆಕೆಳಗಾಗಿದೆ: ವ್ಯಾಕರಣ ಬರಬೇಕು ಅಂದ್ರೆ ವ್ಯಾಕರಣ ಕಲಿಸಬೇಡಿ. ಮಗುವಿನ ಗಮನ ಪೂರ್ತಿ ಅರ್ಥದ ಮೇಲೆ, ಒಂದು ಲೆಕ್ಕ ಬಿಡಿಸೋದರ ಮೇಲೆ ಇದ್ದಾಗ, ಭಾಷೆಯ ರಚನೆ ಒಳಗೇ ತಾನಾಗಿ ಬೆಳೆಯುತ್ತೆ.

ಹಾಗಾಗಿ ಸಿಲಬಸ್ಸಲ್ಲಿ ಟೆನ್ಸ್ ಇಲ್ಲ, ಪ್ರಿಪೊಸಿಷನ್ ಇಲ್ಲ, ಈ ವಾರ ಇಷ್ಟು ಪದ ಅನ್ನೋ ಪಟ್ಟಿಯೂ ಇಲ್ಲ. ಇದ್ದದ್ದು ಕೆಲಸಗಳು ಮಾತ್ರ. ರೈಲ್ವೆ ಟೈಂಟೇಬಲ್, ಶಾಲೆಯ ಟೈಂಟೇಬಲ್, ಕ್ಯಾಲೆಂಡರ್, ಗಡಿಯಾರ, ನಕ್ಷೆ, ದೂರ, ದುಡ್ಡಿನ ಲೆಕ್ಕ, ಅಂಚೆ, ವಯಸ್ಸು ಮತ್ತು ಹುಟ್ಟಿದ ವರ್ಷ. ನನ್ನ ಅಜ್ಜನ ಟ್ರಂಕಲ್ಲಿರೋ ಸಾಮಾನೆಲ್ಲ ಇದರಲ್ಲಿದೆ!

ಕ್ಲಾಸ್ ಹೇಗೆ ನಡೀತಿತ್ತು ಅಂತ ನಾನೇ ಒಂದು ಉದಾಹರಣೆ ಮಾಡಿ ಹೇಳ್ತೀನಿ. ಬೋರ್ಡ್ ಮೇಲೆ ಒಂದು ರೈಲಿನ ವೇಳೆ ಬರೆದಿದೆ. ಬೆಳಗ್ಗೆ 7:50ಕ್ಕೆ ಹೊರಡುತ್ತೆ, ಮಧ್ಯಾಹ್ನ 1:40ಕ್ಕೆ ತಲುಪುತ್ತೆ. ಟೀಚರ್ ಇಂಗ್ಲಿಷಲ್ಲೇ ಕೇಳ್ತಾರೆ: ಎಷ್ಟು ಹೊತ್ತಿಗೆ ಹೊರಡುತ್ತೆ? ಪ್ರಯಾಣಕ್ಕೆ ಎಷ್ಟು ಸಮಯ? ಊರಲ್ಲಿ 2 ಗಂಟೆಗೆ ಕೆಲಸ ಇರೋನು ಈ ರೈಲು ಹತ್ತಬಹುದಾ? ಮಕ್ಕಳು ಕೈ ಎತ್ತುತ್ತಾರೆ, ಒಬ್ಬ ತಪ್ಪು ಹೇಳ್ತಾನೆ, ಇನ್ನೊಬ್ಬಳು ಸರಿ ಮಾಡ್ತಾಳೆ. ಇದು ಪೂರ್ವಭಾವಿ ಕೆಲಸ, ಇಡೀ ಕ್ಲಾಸ್ ಎದುರಿಗೆ. ಆಮೇಲೆ ಅದೇ ತರದ ಇನ್ನೊಂದು ಟೈಂಟೇಬಲ್ ಕೊಟ್ಟು, ಒಬ್ಬೊಬ್ಬರೂ ತಾವೇ ಬಿಡಿಸಬೇಕು. ಟೀಚರ್ ಅದಕ್ಕೆ ಮಾರ್ಕ್ಸ್ ಹಾಕ್ತಾರೆ. ಮಾರ್ಕ್ಸ್ ಉತ್ತರ ಸರಿಯಾ ಅನ್ನೋದಕ್ಕೆ, ಇಂಗ್ಲಿಷ್ ಚೆನ್ನಾಗಿದೆಯಾ ಅನ್ನೋದಕ್ಕಲ್ಲ. ಒಂದೇ ಪದದಲ್ಲಿ ಉತ್ತರ ಹೇಳಿದ್ರೂ ನಡೀತಿತ್ತು. ಮಗು ತಪ್ಪಾಗಿ ಹೇಳಿದ್ರೆ ಟೀಚರ್ ಅದನ್ನೇ ಸರಿಯಾಗಿ ಹೇಳಿ ಮುಂದೆ ಹೋಗ್ತಿದ್ರು. ಕೂರಿಸಿಕೊಂಡು ನಿಯಮ ಹೇಳೋದು ಇರಲಿಲ್ಲ.

ಎರಡು ವಿಷಯ ನನಗೆ ಆಶ್ಚರ್ಯ ತಂದವು. ಒಂದು, ಗ್ರೂಪ್ ಆಕ್ಟಿವಿಟಿ ಬೇಡ ಅಂದಿದ್ರು ಪ್ರಭು. ಈಗ ಎಲ್ಲಾ ಕಡೆ "ಪೇರ್ ಮಾಡ್ಕೊಳ್ಳಿ, ಡಿಸ್ಕಸ್ ಮಾಡಿ" ಅಂತಾರಲ್ಲ, ಅದಕ್ಕೆ ಉಲ್ಟಾ. ಭಾಷೆ ಇನ್ನೂ ಬಾರದ ಮಕ್ಕಳು ತಮ್ಮತಮ್ಮಲ್ಲೇ ಮಾತಾಡ್ತಾ ಇದ್ರೆ ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಗಟ್ಟಿಯಾಗುತ್ತೆ, ಒಳ್ಳೇ ಭಾಷೆ ಕಿವಿಗೆ ಬೀಳ್ಬೇಕು ಅಂದ್ರೆ ಟೀಚರ್ ಬಾಯಿಂದಲೇ ಬರಬೇಕು ಅನ್ನೋದು ಅವರ ಕಾರಣ. ಬಾಯಿ ಬಿಚ್ಚೋಕೆ ಹೆದರೋ ಮಕ್ಕಳನ್ನ ಬಲವಂತ ಮಾಡ್ಲೂ ಇಲ್ಲ. ಕೇಳಿಸ್ಕೊಂಡು ಅರ್ಥ ಮಾಡ್ಕೊಂಡ್ರೆ ಸಾಕು, ಮಾತು ಆಮೇಲೆ ಬರುತ್ತೆ.

ಇನ್ನೊಂದು ಅರ್ಧದ ಅಳತೆ. ಒಂದು ಕೆಲಸ ಆ ಕ್ಲಾಸಿಗೆ ಹೊಂದುತ್ತಾ ಅಂತ ಗೊತ್ತಾಗೋದು ಹೇಗೆ? ಸುಮಾರು ಅರ್ಧ ಮಕ್ಕಳಿಗೆ ಸುಮಾರು ಅರ್ಧ ಉತ್ತರ ಸರಿ ಬಂದ್ರೆ ಕಷ್ಟ ಸರಿಯಾಗಿದೆ ಅಂತ ಲೆಕ್ಕ. ಎಲ್ಲರಿಗೂ ಎಲ್ಲಾ ಬಂದ್ರೆ ತೀರಾ ಸುಲಭ, ತಲೆ ಓಡಿಸೋದೇ ಇಲ್ಲ. ಇಲ್ಲಿ ಫೇಲ್ ಆಗೋದು ಮಗು ಅಲ್ಲ, ಪ್ರಶ್ನೆಪತ್ರಿಕೆ. ಅರ್ಧ ತಪ್ಪಾದ ಪೇಪರ್ ಹಿಡಿದು ಮನೆಗೆ ಹೋಗೋಕೆ ಹೆದರಿದ ನಮ್ಮಂಥವರು ಇದನ್ನ ಎರಡು ಸಲ ಓದ್ಬೇಕು.

4/5

ಹಾಗಾದ್ರೆ ಫಲಿತಾಂಶ? ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ಬೇಕು, ಯಾಕಂದ್ರೆ "ಬೆಂಗಳೂರು ಜಗತ್ತಿಗೇ ಇಂಗ್ಲಿಷ್ ಕಲಿಸಿತು" ಅಂತ ಬರೆದು ಲೈಕ್ ತಗೊಳ್ಳೋದು ಸುಲಭ.

ಹೆಸರು ಬೆಂಗಳೂರಿನದ್ದಾದ್ರೂ ತರಗತಿಗಳು ಮದ್ರಾಸ್ ಕಡೆಯೂ ಇದ್ದವು. ಒಟ್ಟು ಎಂಟು ತರಗತಿ. ಮಕ್ಕಳ ವಯಸ್ಸು 8ರಿಂದ 15. ಒಂದೊಂದು ಕಡೆ ಒಂದರಿಂದ ಮೂರು ವರ್ಷ ನಡೀತು. ಕೊನೆಯಲ್ಲಿ ಅಲನ್ ಬೆರೆಟ್ಟಾ, ಅಲನ್ ಡೇವಿಸ್ ಅನ್ನೋ ಇಬ್ಬರು ಹೊರಗಿನವರು ಪರೀಕ್ಷೆ ಮಾಡಿದ್ರು, 1985ರಲ್ಲಿ ಅದು ಪ್ರಕಟವಾಯ್ತು. ಪ್ರಾಜೆಕ್ಟಿನ ಮಕ್ಕಳನ್ನ ಹಳೇ ವಿಧಾನದಲ್ಲಿ ಕಲಿತ ಮಕ್ಕಳ ಜೊತೆ ಹೋಲಿಸಿದ್ರು. ಸ್ಟ್ರಕ್ಚರಲ್ ಪರೀಕ್ಷೆಯಲ್ಲಿ ಹಳೇ ವಿಧಾನದವರು ಮುಂದೆ, ಟಾಸ್ಕ್ ಪರೀಕ್ಷೆಯಲ್ಲಿ ಪ್ರಾಜೆಕ್ಟಿನವರು ಮುಂದೆ. ಅದು ನಿರೀಕ್ಷೆಯದ್ದೇ. ಯಾರ ಕಡೆಗೂ ವಾಲದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಾಜೆಕ್ಟಿನ ಮಕ್ಕಳು ಮೇಲುಗೈ. ವ್ಯಾಕರಣ ಪಾಠವೇ ಕೇಳದ ಮಕ್ಕಳು!

ಆದ್ರೆ. ಪರೀಕ್ಷಕರು ತಾವೇ ಎಚ್ಚರಿಕೆಯಿಂದ ಬರೆದ್ರು. ಮಕ್ಕಳನ್ನ ಚೀಟಿ ಎತ್ತಿ ಹಂಚಿದ್ದಲ್ಲ, ಇದ್ದ ತರಗತಿಗಳನ್ನ ಹಾಗೇ ತಗೊಂಡಿದ್ದು. ಮತ್ತೆ ಪ್ರಾಜೆಕ್ಟಲ್ಲಿ ಪಾಠ ಮಾಡಿದ ಬಹಳ ಜನ ಮಾಮೂಲಿ ಶಾಲಾ ಟೀಚರ್‌ಗಳಲ್ಲ, ಸ್ಪೆಷಲಿಸ್ಟ್‌ಗಳು. ಒಳ್ಳೇ ಟೀಚರ್‌ನಿಂದ ಬಂದ ಫಲ ಎಷ್ಟು, ವಿಧಾನದಿಂದ ಬಂದದ್ದು ಎಷ್ಟು? ನಮ್ಮ ಸ್ಟಾಟಿಸ್ಟಿಕ್ಸ್ ಮೇಡಂ ಇಲ್ಲಿಗೇ ಕೆಂಪು ಪೆನ್ ಇಡ್ತಾರೆ. ಬೆರೆಟ್ಟಾ ಆಮೇಲೆ ಇನ್ನೊಂದು ಅಧ್ಯಯನ ಮಾಡಿದ್ರು, ಟೀಚರ್‌ಗಳು ಈ ವಿಧಾನವನ್ನ ಎಷ್ಟರಮಟ್ಟಿಗೆ ತಮ್ಮದು ಮಾಡ್ಕೊಂಡ್ರು ಅಂತ. ರೆಗ್ಯುಲರ್ ಶಾಲಾ ಟೀಚರ್‌ಗಳಿಗೆ ಇದು ಕಷ್ಟವಾಯ್ತು ಅನ್ನೋದು ಅದರಲ್ಲಿ ಕಾಣುತ್ತೆ.

ಯಾಕೆ ಅಂತ ಊಹಿಸೋದು ಕಷ್ಟವಲ್ಲ. ಪುಸ್ತಕದ ಪಾಠ ಹೇಳ್ಕೊಡೋ ಟೀಚರ್‌ಗೆ ಮುಂದಿನ ಸಾಲು ಏನು ಅಂತ ಗೊತ್ತಿರುತ್ತೆ. ಟಾಸ್ಕ್ ಕ್ಲಾಸಲ್ಲಿ ಮಗು ಏನು ಹೇಳುತ್ತೋ ಅದಕ್ಕೆ ಅಲ್ಲೇ, ಇಂಗ್ಲಿಷಲ್ಲಿ, ಉತ್ತರ ಕೊಡ್ಬೇಕು. ತನ್ನ ಇಂಗ್ಲಿಷ್ ಬಗ್ಗೆಯೇ ಅಳುಕು ಇರೋ ಟೀಚರ್‌ಗೆ ಅದು ಬೋರ್ಡ್ ಮುಂದೆ ನಿಂತು ಇಂಟ್ರಡ್ಯೂಸ್ ಯುವರ್‌ಸೆಲ್ಫ್ ಮಾಡಿದಂಗೆ, ಅದೂ ದಿನಕ್ಕೆ ನಲವತ್ತು ನಿಮಿಷ. ನನ್ನ ಹೈಸ್ಕೂಲ್ ಇಂಗ್ಲಿಷ್ ಮಿಸ್ ಗೈಡ್ ನೋಡ್ಕೊಂಡೇ ಪ್ರಶ್ನೋತ್ತರ ಬರೆಸ್ತಿದ್ರು. ಆಗ ಕೋಪ ಬರ್ತಿತ್ತು. ಈಗ ಅನ್ಸುತ್ತೆ, ಅವರನ್ನೂ ಹಾಗೇ ಕಲಿಸಿದ್ರು.

1987ರಲ್ಲಿ ಪ್ರಭು ಇದನ್ನೆಲ್ಲ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಅನ್ನೋ ಪುಸ್ತಕ ಮಾಡಿದ್ರು. ಆಮೇಲೆ ಸಿಂಗಾಪುರದ ವಿಶ್ವವಿದ್ಯಾಲಯಕ್ಕೆ ಹೋದ್ರು. ಇವತ್ತು ಟಾಸ್ಕ್ ಆಧಾರಿತ ಕಲಿಕೆ ಅಂತ ಜಗತ್ತಲ್ಲಿ ಏನು ನಡೀತಿದೆಯೋ ಅದರ ಚರಿತ್ರೆ ಬರೆಯೋರು ಈ ಪ್ರಾಜೆಕ್ಟನ್ನ ಬಿಟ್ಟು ಬರೆಯಲ್ಲ. 1990ರಲ್ಲಿ ಅವರೇ ಒಂದು ಲೇಖನ ಬರೆದು, ಅತ್ಯುತ್ತಮ ವಿಧಾನ ಅಂತ ಒಂದಿಲ್ಲ, ಟೀಚರ್‌ಗೆ ತಾನು ಮಾಡ್ತಿರೋದರಲ್ಲಿ ಒಳಗಿಂದ ನಂಬಿಕೆ ಇದೆಯಾ, ಅದು ಜೀವಂತವಾಗಿದೆಯಾ ಅನ್ನೋದು ಮುಖ್ಯ ಅಂದ್ರು. ತನ್ನ ವಿಧಾನವನ್ನೇ ಮಾರಿಕೊಳ್ಳಬಹುದಿತ್ತು ಅಲ್ವಾ.

5/5

ಕೊನೇ ಫೋಟೋ ನನ್ನ ಫಸ್ಟ್ ಪಿಯುಸಿ ಅಕೌಂಟೆನ್ಸಿ ನೋಟ್ಸ್. ಮೊದಲ ಹತ್ತು ಪುಟದ ಅಂಚಲ್ಲಿ ಪೆನ್ಸಿಲಲ್ಲಿ ಕನ್ನಡ ಅರ್ಥ ಬರ್ಕೊಂಡಿದ್ದೀನಿ: ಸಾಲಗಾರ, ಸರಕು, ಸವಕಳಿ. ಇಪ್ಪತ್ತನೇ ಪುಟಕ್ಕೆ ಕಡಿಮೆಯಾಗಿದೆ. ನಲವತ್ತಕ್ಕೆ ಇಲ್ಲವೇ ಇಲ್ಲ. ಆ ವರ್ಷ ಇಂಗ್ಲಿಷ್ ಟೆಕ್ಸ್ಟ್ ಬುಕ್ಕಿಂದ ನಾನು ಕಲಿತದ್ದು ನೆನಪಿಲ್ಲ. ಜರ್ನಲ್ ಎಂಟ್ರಿ ಹಾಕ್ತಾ ಹಾಕ್ತಾ "ಸೋಲ್ಡ್ ಗೂಡ್ಸ್ ಟು", "ಬಾಟ್ ಗೂಡ್ಸ್ ಫ್ರಮ್" ಬಂದುಬಿಟ್ಟಿತ್ತು, ಯಾಕಂದ್ರೆ ಅಲ್ಲಿ ಟು, ಫ್ರಮ್ ತಪ್ಪಿದ್ರೆ ಎಂಟ್ರಿಯೇ ತಪ್ಪಾಗುತ್ತೆ. ನನ್ನ ತಲೆಯೆಲ್ಲ ದುಡ್ಡು ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದರ ಮೇಲೇ ಇತ್ತು. ಪ್ರಭು ಅವರ ಪುಸ್ತಕದ ಬಗ್ಗೆ ಓದ್ತಾ ಈ ನೋಟ್ಸ್ ತೆಗೆದು ನೋಡಿದೆ, ಅದಕ್ಕೇ ಈ ಸರಣಿ.

ಹಾಗಂತ ನನ್ನ ಇಂಗ್ಲಿಷ್ ಸರಿಯಾಗಿದೆ ಅಂತಲ್ಲ. ಮೊನ್ನೆ ಇಂಟರ್ನ್‌ಶಿಪ್‌ಗೆ ಕಳಿಸಿದ ಮೇಲಲ್ಲಿ ಮೂರು ತಪ್ಪು ಅಂತ ರೂಮ್‌ಮೇಟ್ ತೋರಿಸಿದಳು, ಕಳಿಸಿದ ಮೇಲೆ. ಈ ಪ್ರಾಜೆಕ್ಟನ್ನ ಟೀಕೆ ಮಾಡಿದವರದ್ದೂ ಇದೇ ಪ್ರಶ್ನೆ: ಕೆಲಸ ಮುಗಿಸೋಕೆ ಹರಕುಮುರುಕು ಭಾಷೆ ಸಾಕಾದ್ರೆ, ಮಗು ಅದರಲ್ಲೇ ನಿಂತುಬಿಡಲ್ವಾ? ನನ್ನ ಮಟ್ಟಿಗೆ ಉತ್ತರ ಗೊತ್ತಿಲ್ಲ, ನಾನಂತೂ ಸ್ವಲ್ಪ ನಿಂತಿದ್ದೀನಿ.

ಒಂದು ವಿಷಯ ಕೇಳ್ಬೇಕಿತ್ತು. ನಾನು ಓದಿದ್ದರಲ್ಲೆಲ್ಲ ಪ್ರಭು ಇದ್ದಾರೆ, ಪರೀಕ್ಷಕರು ಇದ್ದಾರೆ, ಟೀಕಾಕಾರರು ಇದ್ದಾರೆ. ಆ ಮಕ್ಕಳು ಮಾತ್ರ ಬರೀ ಅಂಕಿಗಳಾಗಿ ಇದ್ದಾರೆ. 1979ರಿಂದ 1984ರ ನಡುವೆ ಬೆಂಗಳೂರಲ್ಲಿ ಓದಿದ ನಿಮ್ಮ ಅಮ್ಮ, ದೊಡ್ಡಪ್ಪ, ಅತ್ತೆ, ಪಕ್ಕದ ಮನೆ ಆಂಟಿ ಯಾರಾದ್ರೂ ಇದ್ರೆ, ಈಗ ಐವತ್ತು ದಾಟಿರ್ತಾರೆ, ಒಂದ್ಸಲ ಕೇಳಿ. ಇಂಗ್ಲಿಷ್ ಪೀರಿಯಡ್ಡಲ್ಲಿ ರೈಲಿನ ವೇಳೆ ಲೆಕ್ಕ ಹಾಕಿದ್ರಾ, ನಕ್ಷೆ ನೋಡಿದ್ರಾ, ಹಿಂದಿನ ಬೆಂಚಲ್ಲಿ ಯಾರಾದ್ರೂ ಹೊರಗಿನವರು ಕೂತು ನೋಡ್ತಿದ್ರಾ ಅಂತ. ಹೌದು ಅಂದ್ರೆ ನನಗೆ ಮೆಸೇಜ್ ಮಾಡಿ. ಹೆಸರು ಹಾಕಲ್ಲ. ಕನ್ನಡದಲ್ಲೇ ಕಳಿಸಿ, ವಾಯ್ಸ್ ನೋಟ್ ಆದ್ರೂ ಪರವಾಗಿಲ್ಲ.