ಮಣ್ಣು ಕೊಡಲಾಗದವರ ಮೊರೆ: ಅಗಲಿದವರಿಗಾಗಿ ದುಆ

ತಾಯ್ನಾಡಿನಲ್ಲಿ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಬಂದಾಗ ನ್ಯೂಯಾರ್ಕ್-ನ್ಯೂಜೆರ್ಸಿ ಪ್ರದೇಶದ ಕನ್ನಡ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಹೊತ್ತಿಗೆ ತಲುಪಬಲ್ಲೆವೇ? ನಮ್ಮ ಮುಸ್ಲಿಂ ಸದಸ್ಯ ಕುಟುಂಬಗಳಲ್ಲಿ ಇದರ ಉತ್ತರ ಬಹುಮಟ್ಟಿಗೆ ಮೊದಲೇ ತಿಳಿದಿರುತ್ತದೆ. ದಫನವನ್ನು ತಡಮಾಡಬಾರದೆಂಬುದು ಇಸ್ಲಾಮಿನ ಸಂಪ್ರದಾಯ. ನೆವಾರ್ಕಿನಿಂದ ಹೊರಟ ವಿಮಾನ ಇಳಿಯುವ ಮೊದಲೇ ಕಲಬುರಗಿಯಲ್ಲೋ ಭಟ್ಕಳದಲ್ಲೋ ಬಂಧುಗಳು ಮಣ್ಣು ಕೊಟ್ಟು ಮರಳಿರುತ್ತಾರೆ. ದೂರದ ಮಕ್ಕಳಿಗೆ ಆಗ ಉಳಿಯುವುದು ಪ್ರಾರ್ಥನೆ ಮಾತ್ರ. ಆ ಪ್ರಾರ್ಥನೆಗೆ ದೀರ್ಘವಾದ ಇತಿಹಾಸವಿದೆ.

ಮೃತರಿಗಾಗಿ ಸಲ್ಲಿಸುವ ಜನಾಝಾ ನಮಾಜು ದಿನನಿತ್ಯದ ನಮಾಜಿಗಿಂತ ಭಿನ್ನವಾದುದು. ಇದರಲ್ಲಿ ಬಾಗುವುದಿಲ್ಲ, ಸಾಷ್ಟಾಂಗವಿಲ್ಲ; ಸಾಲಾಗಿ ನಿಂತು ನಾಲ್ಕು ಬಾರಿ ತಕ್ಬೀರ್ ಹೇಳುತ್ತಾರೆ. ಮೊದಲು ದೇವರ ಸ್ತುತಿ, ಬಳಿಕ ಪ್ರವಾದಿಯವರ ಮೇಲೆ ಸಲಾತ್, ಮೂರನೆಯ ತಕ್ಬೀರಿನ ನಂತರ ಅಗಲಿದವರಿಗಾಗಿ ದುಆ. ಬಹುವಾಗಿ ಬಳಕೆಯಲ್ಲಿರುವ ದುಆವೊಂದು ಎದುರಿಗಿರುವ ಮೃತರಿಗಷ್ಟೇ ಸೀಮಿತವಲ್ಲ. ಬದುಕಿರುವವರು ಮತ್ತು ಸತ್ತವರು, ಕಿರಿಯರು ಮತ್ತು ಹಿರಿಯರು, ಗಂಡಸರು ಮತ್ತು ಹೆಂಗಸರು, ಅಲ್ಲಿ ನೆರೆದವರು ಮತ್ತು ನೆರೆಯಲಾಗದವರು ಎಲ್ಲರಿಗೂ ಅದು ಕ್ಷಮೆಯನ್ನು ಬೇಡುತ್ತದೆ.

ದೇಹವೇ ಎದುರಿಗಿಲ್ಲದಾಗ ಏನು ಮಾಡಬೇಕು? ಮುಸ್ಲಿಮರ ಮೊದಲ ತಲೆಮಾರಿಗೆ ಆಶ್ರಯವಿತ್ತ ಅಬಿಸೀನಿಯಾದ ಅರಸು ನಜಾಶಿ ತೀರಿಕೊಂಡಾಗ, ಪ್ರವಾದಿಯವರು ಮದೀನಾದಲ್ಲಿಯೇ ಸಂಗಡಿಗರನ್ನು ಸಾಲಾಗಿ ನಿಲ್ಲಿಸಿ ನಮಾಜು ಸಲ್ಲಿಸಿದರೆಂದು ಹದೀಸುಗಳು ಹೇಳುತ್ತವೆ. ಇದನ್ನು ಆಧಾರವಾಗಿಟ್ಟುಕೊಂಡು ಶಾಫಿಈ ಪಂಥವು ದೂರದ ಮೃತರಿಗೂ ಜನಾಝಾ ನಮಾಜನ್ನು ಒಪ್ಪಿತು. ಹನಫಿ ಪಂಥ ಅದನ್ನು ಆ ಸಂದರ್ಭಕ್ಕಷ್ಟೇ ಸಲ್ಲುವ ವಿಶೇಷವೆಂದು ಬಗೆಯಿತು.

ಈ ಭೇದ ನಮ್ಮ ಕರ್ನಾಟಕದ ಭೂಪಟದಲ್ಲಿಯೂ ಕಾಣುತ್ತದೆ. ಅರಬ್ಬರೊಡನೆ ಕಡಲ ವ್ಯಾಪಾರದ ನಂಟಿದ್ದ ಕರಾವಳಿಯ ನವಾಯತರು ಮತ್ತು ಬ್ಯಾರಿಗಳು ಬಹುತೇಕ ಶಾಫಿಈಗಳು. ಬಯಲುಸೀಮೆಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಆದ್ದರಿಂದ ಒಂದೇ ಊರಿನಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗರು ತಂದೆಯ ಮರಣದ ದಿನ ಬೇರೆಬೇರೆ ಬಗೆಯಲ್ಲಿ ನಡೆದುಕೊಳ್ಳಬಹುದು. ಆದರೆ ಎಲ್ಲಿಂದಲಾದರೂ, ಎಂದಾದರೂ ದುಆ ಮಾಡಬಹುದು, ಮೃತರ ಹೆಸರಿನಲ್ಲಿ ದಾನ ನೀಡಬಹುದು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ನಮ್ಮ ನಾಡಿನಲ್ಲಿ ಈ ಮೊರೆಗೆ ಕನ್ನಡದ್ದೇ ಆದ ನುಡಿಯೂ ಉಂಟು. ಉತ್ತರ ಕರ್ನಾಟಕದಲ್ಲಿ ಸಕ್ಕರೆಯ ಮೇಲೆ ಫಾತೆಹಾ ಹೇಳಿಸಿ ಹಂಚುವುದಕ್ಕೆ 'ಸಕ್ಕರೆ ಓದಿಸುವುದು' ಎನ್ನುತ್ತಾರೆ. ದರ್ಗಾಗಳಲ್ಲಿ ಹಾಗೆ ಓದಿಸುವವರಲ್ಲಿ ಹಿಂದೂಗಳೂ ಇದ್ದಾರೆ. 1422ರಲ್ಲಿ ಕಲಬುರಗಿಯಲ್ಲಿ ನಿಧನರಾದ ಖ್ವಾಜಾ ಬಂದೇ ನವಾಜರ ಉರುಸು ಇಂದಿಗೂ ವರ್ಷವರ್ಷವೂ ನಡೆಯುತ್ತಿದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ತನ್ನ ತಂದೆಗಾಗಿ ಕಟ್ಟಿಸಿದ ಗುಂಬಜಿನಲ್ಲಿಯೇ 1799ರ ಮೇ ತಿಂಗಳಲ್ಲಿ ಅವನೂ ಮಣ್ಣಾದ. ಇಂತಹ ಆಚರಣೆಗಳನ್ನು ಒಪ್ಪದ, ಏಕಾಂತದ ದುಆವೇ ಸಾಕೆನ್ನುವ ಮುಸ್ಲಿಮರೂ ಇದ್ದಾರೆಂಬುದನ್ನು ನಾವು ಮರೆಯಬಾರದು.

2020ರ ಮಾರ್ಚ್ ಕೊನೆಯ ವಾರ ಭಾರತಕ್ಕೆ ವಿಮಾನಗಳು ನಿಂತಾಗ, ತಲುಪಲಾಗದವರ ಸಂಕಟ ಮತಭೇದವಿಲ್ಲದೆ ನಮ್ಮೆಲ್ಲರದಾಯಿತು. ಚಿತೆಯನ್ನಾಗಲಿ ಗೋರಿಯನ್ನಾಗಲಿ ಫೋನಿನ ಪರದೆಯಲ್ಲಿ ನೋಡಬೇಕಾದ ಕಾಲವದು. ಆ ಮೇ 3ರಂದು 'ನಿತ್ಯೋತ್ಸವ'ದ ಕವಿ ಕೆ. ಎಸ್. ನಿಸಾರ್ ಅಹಮದ್ ಬೆಂಗಳೂರಿನಲ್ಲಿ ಅಗಲಿದರು. ಅವರ ಹಾಡನ್ನು ಇಲ್ಲಿನ ವೇದಿಕೆಗಳಲ್ಲಿ ಹಾಡಿದ ಮಕ್ಕಳಿಗೂ ಕೇಳಿದ ಹಿರಿಯರಿಗೂ ಕವಿಯನ್ನು ದೂರದಿಂದಲೇ ನೆನೆಯುವುದಲ್ಲದೆ ಬೇರೆ ದಾರಿಯಿರಲಿಲ್ಲ.

ನಮ್ಮ ನಡುವಿನ ಮುಸ್ಲಿಂ ಕುಟುಂಬವೊಂದು ಹೀಗೆ ದುಃಖದಲ್ಲಿರುವಾಗ ನಾವು ಮಾಡಬಹುದಾದುದೇನು? ಇದಕ್ಕೂ ಹಳೆಯ ಮಾದರಿಯಿದೆ. 629ರ ಮುಅತಾ ಯುದ್ಧದಲ್ಲಿ ಜಾಫರ್ ಮಡಿದ ಸುದ್ದಿ ಬಂದಾಗ, ಆ ಮನೆಯವರಿಗೆ ಅಡುಗೆ ಮಾಡಿ ಕೊಡಿರೆಂದು ಪ್ರವಾದಿಯವರು ನೆರೆಯವರಿಗೆ ಹೇಳಿದರಂತೆ. ಸಾವಿನ ಮನೆಯಲ್ಲಿ ಒಲೆ ಹೊತ್ತದ ದಿನ ನೆರೆಮನೆಯಿಂದ ಅನ್ನ ಹೋಗುವುದು ನಮ್ಮ ಹಳ್ಳಿಗಳಲ್ಲಿಯೂ ರೂಢಿಯೇ. ಎಡಿಸನ್ನಿನಲ್ಲಿರಲಿ, ಕ್ವೀನ್ಸಿನಲ್ಲಿರಲಿ, ಆ ರೂಢಿಯನ್ನು ಉಳಿಸಿಕೊಳ್ಳೋಣ. ದುಆದ ಅರಬ್ಬೀ ನುಡಿಗಳು ನಮಗೆ ಬಾರದಿರಬಹುದು. ಹೊರಡಲಾಗದೆ ಕುಳಿತ ಮನೆಗೆ ಒಂದು ಬುತ್ತಿ ಒಯ್ಯಲು ಯಾವ ಭಾಷೆಯೂ ಬೇಕಿಲ್ಲ.